ಓನರ್ ಮಾತು ಬದಲಿಸಿದರೆ ಸರ್ವರ್ ಎಲ್ಲಿಗೆ ಹೋಗಬೇಕು?

‘ಸರ್ವರ್ ಡೌನ್ ಇದೆ, ನಾಳೆ ಬನ್ನಿ.’

ಈ ಮಾತು ಕೇಳದೇ ಇರೋರು ನಮ್ಮ ವೀಕ್ಷಕರಲ್ಲಿ ಒಬ್ಬರೂ ಇರಲಿಕ್ಕಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಿಟ್ಟು ನಿಂತವರು, ಸಬ್ ರಿಜಿಸ್ಟ್ರಾರ್ ಕಚೇರಿಗೆ ಸಾಕ್ಷಿಗಳನ್ನ ಕರ್ಕೊಂಡು ಬಂದು ಕಾದವರು, ಬ್ಯಾಂಕಿನಲ್ಲಿ ಪಾಸ್‌ಬುಕ್ ಹಿಡಿದು ಕೂತವರು, ಎಲ್ಲರಿಗೂ ಇದು ಪರಿಚಯದ ವಾಕ್ಯ. ಯಾಕ್ ಸ್ವಾಮಿ ಡೌನ್ ಆಯ್ತು ಅಂತ ಕೇಳಿದ್ರೆ ಕೌಂಟರ್‌ನಲ್ಲಿ ಕೂತವರು ಕೈ ಮೇಲೆತ್ತಿ ತೋರಿಸ್ತಾರೆ. ಅದು ದೇವರ ಕಡೆಗೋ ಹೆಡ್ ಆಫೀಸ್ ಕಡೆಗೋ ನಮಗೆ ಗೊತ್ತಾಗಲ್ಲ.

ಕಾರಣಗಳು ನೂರೆಂಟು ಇರ್ತವೆ. ಇವತ್ತು ನಾನು ಹೇಳೋದು ಅದರಲ್ಲಿ ಒಂದನ್ನ ಮಾತ್ರ: ಸರ್ವರ್ ಒಂದು ಆಪರೇಟಿಂಗ್ ಸಿಸ್ಟಮ್‌ನಿಂದ ಇನ್ನೊಂದಕ್ಕೆ ಮನೆ ಬದಲಾಯಿಸೋದು. ಎಂಜಿನಿಯರಿಂಗ್ ಓದಿ ಟಿವಿಗೆ ಬಂದವನು ನಾನು. ನನ್ನ ಜೊತೆ ಓದಿದವರಲ್ಲಿ ಅರ್ಧ ಜನ ಈಗಲೂ ಇದೇ ಕೆಲಸಕ್ಕೆ ರಾತ್ರಿ ನಿದ್ದೆ ಕೆಡಿಸಿಕೊಳ್ತಾರೆ. ಹಾಗಾಗಿ ವಿಷಯ ಗೊತ್ತು, ಸಂಕಟವೂ ಗೊತ್ತು.

ಸರ್ವರ್ ಅಂದ್ರೆ ಏನೂ ಮಾಯೆ ಅಲ್ಲ. ಹಗಲು ರಾತ್ರಿ ಆನ್ ಇರುವ ಕಂಪ್ಯೂಟರ್, ಅಷ್ಟೇ. ಅದರೊಳಗೆ ನಿಮ್ಮ ಖಾತೆ, ಪಹಣಿ, ಪಿಂಚಣಿಯ ಪಟ್ಟಿ ಇರುತ್ತೆ. ಇವೆಲ್ಲ ಮನೆಯ ಸಾಮಾನು ಅಂದುಕೊಳ್ಳಿ. ಆ ಸಾಮಾನು ಇಡೋಕೆ ಗೋಡೆ, ಬಾಗಿಲು, ನಲ್ಲಿ, ವೈರಿಂಗ್ ಬೇಕಲ್ಲ? ಅದೇ ಆಪರೇಟಿಂಗ್ ಸಿಸ್ಟಮ್. ವಿಂಡೋಸ್ ಒಂದು ಮನೆ, ಲಿನಕ್ಸ್ ಇನ್ನೊಂದು ಮನೆ.

ಲಿನಕ್ಸ್‌ನಲ್ಲಿ ರೆಡ್ ಹ್ಯಾಟ್ ಅನ್ನೋ ಅಮೆರಿಕದ ಕಂಪನಿ ದೊಡ್ಡ ಹೆಸರು. ದುಡ್ಡು ಕೊಟ್ಟವರಿಗೆ ಅದರ ಸೇವೆ. ಆದರೆ ಸೋರ್ಸ್ ಕೋಡ್ ಬಹಿರಂಗವಾಗಿತ್ತು. ಅದನ್ನ ತಗೊಂಡು 2004ರಲ್ಲಿ ಕೆಲವು ಸ್ವಯಂಸೇವಕರು ಥೇಟ್ ಅದೇ ಥರದ ಉಚಿತ ಮನೆ ಕಟ್ಟಿದ್ರು. ಹೆಸರು ಸೆಂಟ್‌ಓಎಸ್. ಬಾಡಿಗೆ ಇಲ್ಲ, ಅಡ್ವಾನ್ಸ್ ಇಲ್ಲ, ಮನೆ ಮಾತ್ರ ಗಟ್ಟಿ. ವಿಶ್ವವಿದ್ಯಾಲಯಗಳು, ವೆಬ್ ಹೋಸ್ಟಿಂಗ್ ಕಂಪನಿಗಳು, ಸಂಶೋಧನಾಲಯಗಳು ಎಲ್ಲ ಅಲ್ಲಿಗೇ ಬಂದು ಸೇರಿದ್ವು. 2014ರಲ್ಲಿ ರೆಡ್ ಹ್ಯಾಟ್ ಕಂಪನಿಯೇ ಈ ಯೋಜನೆಯನ್ನ ತನ್ನ ಆಶ್ರಯಕ್ಕೆ ತಗೊಂಡಿತು. ಜನರಿಗೂ ಸಮಾಧಾನ, ದೊಡ್ಡವರ ನೆರಳು ಸಿಕ್ತು ಅಂತ. 2019ರಲ್ಲಿ ಐಬಿಎಂ 34 ಬಿಲಿಯನ್ ಡಾಲರ್ ಕೊಟ್ಟು ರೆಡ್ ಹ್ಯಾಟನ್ನೇ ಕೊಂಡುಕೊಳ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸೆಂಟ್‌ಓಎಸ್ 8 ಬಂತು. 2029ರವರೆಗೂ ರಿಪೇರಿ ನಮ್ಮದು ಅನ್ನೋದು ಎಲ್ಲರೂ ನಂಬಿದ್ದ ಲೆಕ್ಕ.

2020ರ ಡಿಸೆಂಬರ್ 8. ಪ್ರಕಟಣೆ ಬಂತು: ಸೆಂಟ್‌ಓಎಸ್ 8ಕ್ಕೆ 2021ರ ಡಿಸೆಂಬರ್ 31 ಕೊನೆಯ ದಿನ. ಏಳು ವರ್ಷಕ್ಕೂ ಹೆಚ್ಚಿನ ಆಯುಷ್ಯ ಒಂದೇ ಏಟಿಗೆ ಕತ್ತರಿಸಿ ಹೋಯ್ತು. ತಮಾಷೆ ನೋಡಿ, ಹಳೆಯ ಸೆಂಟ್‌ಓಎಸ್ 7ರಲ್ಲೇ ಇದ್ದವರಿಗೆ 2024ರ ಜೂನ್ 30ರವರೆಗೆ ಟೈಮ್ ಇತ್ತು. ಹೊಸ ಮನೆಗೆ ಮುಂಚಿತವಾಗಿ ಹೋದ ಶಿಸ್ತಿನವರಿಗೇ ಮೊದಲು ನೋಟಿಸ್!

ಬದಲಿಗೆ ‘ಸೆಂಟ್‌ಓಎಸ್ ಸ್ಟ್ರೀಮ್’ ಬಳಸಿ ಅಂದ್ರು. ವ್ಯತ್ಯಾಸ ಏನು? ಹಳೆಯದರಲ್ಲಿ ಬರ್ತಿದ್ದದ್ದು ರೆಡ್ ಹ್ಯಾಟ್‌ನಲ್ಲಿ ಬಿಡುಗಡೆಯಾಗಿದ್ದರ ನಕಲು. ಸ್ಟ್ರೀಮ್‌ನಲ್ಲಿ ಬರೋದು ಮುಂದೆ ಬಿಡುಗಡೆಯಾಗಬೇಕಿರೋದರ ಕರಡು. ಕರಡಿನ ಮೇಲೆ ಬ್ಯಾಂಕ್ ನಡೆಸೋಕೆ ಯಾರಿಗೆ ಧೈರ್ಯ ಬರುತ್ತೆ?

ರೆಡ್ ಹ್ಯಾಟ್ ಮಾಡಿದ್ದು ಕಾನೂನಿನ ಪ್ರಕಾರ ತಪ್ಪಲ್ಲ. ದಾನ ಕೊಟ್ಟ ಎಮ್ಮೆಯ ಹಲ್ಲು ಹಿಡಿದು ನೋಡಬಾರದು ಅಂತಾರಲ್ಲ. ಸಣ್ಣವರಿಗೆ ಅಂತ 16 ಸಿಸ್ಟಮ್‌ಗಳವರೆಗೆ ತನ್ನ ಅಸಲಿ ಲಿನಕ್ಸನ್ನೇ ಉಚಿತವಾಗಿ ಕೊಡ್ತೀನಿ ಅಂತ 2021ರ ಜನವರಿಯಲ್ಲಿ ಹೇಳಿತು ಕೂಡ. ಆದರೆ ನೂರಾರು ಸರ್ವರ್ ಇಟ್ಟುಕೊಂಡವರ ಗತಿ?

ನೀವು ಕೇಳಬಹುದು, ಗಡುವು ಮುಗಿದರೆ ಸರ್ವರ್ ನಿಂತು ಹೋಗುತ್ತಾ ಅಂತ. ಇಲ್ಲ. ಜನವರಿ 1ರ ಬೆಳಿಗ್ಗೆಯೂ ಎಲ್ಲ ಮೊದಲಿನ ಹಾಗೇ ನಡೆಯುತ್ತೆ. ಅಪಾಯ ಇರೋದೇ ಅಲ್ಲಿ. ಆ ದಿನದಿಂದ ಬಾಗಿಲಲ್ಲಿ ತೂತು ಕಂಡರೂ ಮುಚ್ಚೋಕೆ ಯಾರೂ ಬರಲ್ಲ. 2017ರ ಮೇ ತಿಂಗಳ ವನ್ನಾಕ್ರೈ ದಾಳಿ ನೆನಪಿದೆಯಾ? ಮೈಕ್ರೋಸಾಫ್ಟ್ ಆ ತೂತಿಗೆ ಮಾರ್ಚ್‌ನಲ್ಲೇ ಪ್ಯಾಚ್ ಬಿಟ್ಟಿತ್ತು. ಹಾಕಿಕೊಳ್ಳದವರ ಕಂಪ್ಯೂಟರ್‌ಗಳು ಸುಮಾರು 150 ದೇಶಗಳಲ್ಲಿ ಲಾಕ್ ಆದ್ವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನ ವಾಪಸ್ ಕಳಿಸಬೇಕಾಯ್ತು. ಪ್ಯಾಚ್ ಇದ್ದೂ ಹಾಕದವರ ಕಥೆ ಇದು. ಪ್ಯಾಚೇ ಬರದವರ ಕಥೆ ಊಹಿಸಿಕೊಳ್ಳಿ.

ಪುಣ್ಯಕ್ಕೆ ಎರಡು ಹೊಸ ಮನೆಗಳು ಎದ್ದವು. 2021ರ ಮಾರ್ಚ್‌ನಲ್ಲಿ ಅಲ್ಮಾಲಿನಕ್ಸ್, ಜೂನ್‌ನಲ್ಲಿ ರಾಕಿ ಲಿನಕ್ಸ್. ರಾಕಿ ಶುರು ಮಾಡಿದ್ದು ಸೆಂಟ್‌ಓಎಸ್ ಸ್ಥಾಪಕರಲ್ಲೇ ಒಬ್ಬರಾದ ಗ್ರೆಗರಿ ಕರ್ಟ್ಜರ್. ತೀರಿಕೊಂಡ ತಮ್ಮ ಸಹ ಸ್ಥಾಪಕ ರಾಕಿ ಮೆಕ್‌ಗಾ ಅವರ ಹೆಸರನ್ನೇ ಇಟ್ಟರು. ಜಿನೀವಾದ ಸೆರ್ನ್ ಮತ್ತು ಅಮೆರಿಕದ ಫರ್ಮಿಲ್ಯಾಬ್, ಅಂದ್ರೆ ಕಣ ಭೌತಶಾಸ್ತ್ರದ ಎರಡು ದೊಡ್ಡ ಪ್ರಯೋಗಾಲಯಗಳು, 2022ರ ಡಿಸೆಂಬರ್‌ನಲ್ಲಿ ಅಲ್ಮಾಲಿನಕ್ಸ್ ಕಡೆ ಹೆಜ್ಜೆ ಹಾಕಿದವು.

ಸರಿ, ಮನೆ ಬದಲಾಯಿಸೋದು ಹೇಗೆ? ಸೆಂಟ್‌ಓಎಸ್ 8ರಿಂದ ರಾಕಿ 8ಕ್ಕೋ ಅಲ್ಮಾ 8ಕ್ಕೋ ಹೋಗೋದು ಸುಲಭ. ಗೋಡೆ ಅದೇ, ಬಾಗಿಲು ಅದೇ, ಬೋರ್ಡ್ ಮಾತ್ರ ಬೇರೆ. ಒಂದು ಸ್ಕ್ರಿಪ್ಟ್ ಓಡಿಸಿ, ಸರ್ವರನ್ನ ರೀಬೂಟ್ ಮಾಡಿದ್ರೆ ಬಹುಪಾಲು ಕೆಲಸ ಮುಗೀತು. 7ರಿಂದ 8ಕ್ಕೆ ಹೋಗೋದು ಅದಕ್ಕಿಂತ ಕಷ್ಟ, ಯಾಕಂದ್ರೆ ಪೈಥಾನ್ 2ಕ್ಕೆ ಬರೆದ ಹಳೆಯ ಪ್ರೋಗ್ರಾಂಗಳು ಪೈಥಾನ್ 3ರಲ್ಲಿ ಮುಗ್ಗರಿಸ್ತವೆ. ವಿಂಡೋಸ್‌ನಿಂದ ಲಿನಕ್ಸ್‌ಗೆ ಅಂದ್ರೆ ಊರನ್ನೇ ಬಿಟ್ಟ ಹಾಗೆ. ಅಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಹೇಗೆ ಬರೆದರೂ ಫೈಲ್ ಒಂದೇ. ಇಲ್ಲಿ ಒಂದಕ್ಷರ ಬದಲಾದರೂ ಬೇರೆ ಫೈಲ್.

ನಮಗೆ ಕನ್ನಡಿಗರಿಗೆ ಇನ್ನೊಂದು ತಲೆನೋವು ಇದೆ. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ನಮ್ಮ ‘ಕ’ಗೆ ಮೂರು ಬೈಟ್ ಬೇಕು, ಅದರ ಗುಣಿತಕ್ಕೆ ಮತ್ತೆ ಮೂರು. ಡೇಟಾಬೇಸ್ ಸಾಗಿಸುವಾಗ ಈ ಸೆಟ್ಟಿಂಗ್ ತಪ್ಪಿದರೆ ಇಂಗ್ಲಿಷ್ ಹೆಸರುಗಳು ಹಾಗೇ ಇರ್ತವೆ, ಕನ್ನಡದ ಹೆಸರುಗಳೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ ಆಗಿಬಿಡ್ತವೆ. ಇಂಗ್ಲಿಷ್‌ನಲ್ಲಿ ಮಾತ್ರ ಟೆಸ್ಟ್ ಮಾಡಿದವರಿಗೆ ಅದು ಕಾಣೋದೇ ಇಲ್ಲ. ಪಿಂಚಣಿ ಪಟ್ಟಿಯಲ್ಲಿ ಒಬ್ಬ ಅಜ್ಜಿಯ ಹೆಸರಿನ ಜಾಗದಲ್ಲಿ ಐದು ಪ್ರಶ್ನಾರ್ಥಕ ಚಿಹ್ನೆ ಇದ್ರೆ ಆ ಅಜ್ಜಿ ಯಾರ ಬಾಗಿಲು ತಟ್ಟಬೇಕು?

ಅದಕ್ಕೇ ತಿಳಿದವರು ಒಂದು ಕ್ರಮ ಇಟ್ಟುಕೊಂಡಿದ್ದಾರೆ. ಮೊದಲು ಏನೇನು ಓಡ್ತಿದೆ ಅಂತ ಪಟ್ಟಿ. ರಾತ್ರಿ ಎರಡು ಗಂಟೆಗೆ ತನ್ನಷ್ಟಕ್ಕೆ ನಡೆಯೋ ಕೆಲಸಗಳು ಸೇರಿ. ಹೊಸ ಸರ್ವರ್‌ನ ಗಡಿಯಾರ ಭಾರತೀಯ ಸಮಯದ ಬದಲು ಯುಟಿಸಿಯಲ್ಲಿದ್ರೆ ಆ ಕೆಲಸ ಐದೂವರೆ ಗಂಟೆ ತಡ ಆಗುತ್ತೆ ನೋಡಿ. ಆಮೇಲೆ ಬ್ಯಾಕಪ್. ತಗೊಂಡರೆ ಸಾಲದು, ಅದನ್ನ ಇನ್ನೊಂದು ಕಡೆ ತೆರೆದು ನೋಡಬೇಕು. ಹಳೆಯದು, ಹೊಸದು ಎರಡನ್ನೂ ಸ್ವಲ್ಪ ದಿನ ಜೊತೆಯಲ್ಲಿ ಓಡಿಸಬೇಕು. ಕೊನೆಗೆ, ಕೆಟ್ಟರೆ ವಾಪಸ್ ಬರೋ ದಾರಿ ತೆರೆದಿಟ್ಟಿರಬೇಕು.

ಹೀಗೆ ಹಂತ ಹಂತವಾಗಿ ಹೋಗದಿದ್ದರೆ? ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಬರೀ ಆಪರೇಟಿಂಗ್ ಸಿಸ್ಟಮ್ ಅಲ್ಲ, ಇಡೀ ವ್ಯವಸ್ಥೆಯನ್ನೇ ಒಂದೇ ವಾರಾಂತ್ಯದಲ್ಲಿ ಬದಲಿಸಿತು. ಡೇಟಾ ಸರಿಯಾಗೇ ತಲುಪಿತ್ತು, ಹೊಸ ವ್ಯವಸ್ಥೆ ಮಲಗಿತು. ಲಕ್ಷಾಂತರ ಗ್ರಾಹಕರಿಗೆ ತಮ್ಮ ಖಾತೆ ನೋಡೋಕಾಗಲಿಲ್ಲ. ಎಲ್ಲ ಸರಿಹೋಗೋಕೆ ಡಿಸೆಂಬರ್ ಬಂತು. ಮುಖ್ಯಸ್ಥರು ಅದಕ್ಕೂ ಮೊದಲೇ ಕುರ್ಚಿ ಬಿಟ್ಟಿದ್ದರು. 2022ರಲ್ಲಿ ನಿಯಂತ್ರಕರು ಹಾಕಿದ ದಂಡ 4.86 ಕೋಟಿ ಪೌಂಡ್‌ಗೂ ಹೆಚ್ಚು.

ಅಲ್ಲಿ ದಂಡ ಹಾಕಿದ್ದು ಯಾರಿಗೆ ಅನ್ನೋದನ್ನ ಗಮನಿಸಿ. ‘ಸರ್ವರ್’ಗೆ ಅಲ್ಲ, ಬ್ಯಾಂಕಿಗೆ. ಯಂತ್ರದ ಹಿಂದೆ ನಿರ್ಧಾರ ತಗೊಂಡ ಮನುಷ್ಯರು ಇರ್ತಾರೆ ಅನ್ನೋದನ್ನ ಅವರು ಮರೆಯಲಿಲ್ಲ. ನಾವೂ ಮರೆಯಬಾರದು. ಮುಂದಿನ ಸಲ ಯಾವುದಾದ್ರೂ ಕಚೇರಿ ಬಾಗಿಲಲ್ಲಿ ‘ಸಿಸ್ಟಮ್ ಅಪ್‌ಗ್ರೇಡ್, ಸೇವೆ ಇಲ್ಲ’ ಅನ್ನೋ ಚೀಟಿ ಕಂಡರೆ ಬೈಕೊಂಡು ವಾಪಸ್ ಬರಬೇಡಿ. ಎಷ್ಟು ಗಂಟೆಗೆ ಮುಗಿಯುತ್ತೆ, ಕೆಟ್ಟರೆ ಹಳೆಯದಕ್ಕೆ ಮರಳೋ ವ್ಯವಸ್ಥೆ ಇದೆಯಾ, ಅಲ್ಲಿವರೆಗೆ ನನ್ನ ಅರ್ಜಿಯನ್ನ ಕಾಗದದಲ್ಲಿ ತಗೊಳ್ತೀರಾ ಅಂತ ಕೇಳಿ. ಕೌಂಟರ್‌ನಲ್ಲಿರೋ ಹುಡುಗನಿಗೆ ಉತ್ತರ ಗೊತ್ತಿಲ್ಲದಿರಬಹುದು, ಅವನ ಮೇಲೆ ರೇಗಬೇಡಿ. ಉತ್ತರ ಗೊತ್ತಿರೋರ ಹೆಸರು, ಫೋನ್ ನಂಬರ್ ಆ ಚೀಟಿಯಲ್ಲೇ ಇರಬೇಕಿತ್ತು ಅಂತ ಬರೆದುಕೊಟ್ಟು ಬನ್ನಿ.