ಬೇಸಿಗೆಯ ಪ್ರಯೋಗಶಾಲಾವಾಸ

1921ರ ಬೇಸಿಗೆಯಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮೆಕ್ಲಿಯಡರು, ತಮ್ಮ ಪ್ರಯೋಗಶಾಲೆಯನ್ನು ಫ್ರೆಡರಿಕ್ ಬ್ಯಾಂಟಿಂಗ್ ಎಂಬ ತರುಣ ಶಸ್ತ್ರವೈದ್ಯನ ಉಪಯೋಗಕ್ಕೆ ಬಿಟ್ಟುಕೊಟ್ಟು ಸ್ಕಾಟ್ಲೆಂಡಿಗೆ ತೆರಳುವ ಮುನ್ನ, ಆಗತಾನೆ ಪದವಿ ವ್ಯಾಸಂಗವನ್ನು ಮುಗಿಸುತ್ತಿದ್ದ ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿಯನ್ನು ಅವನಿಗೆ ಸಹಾಯಕನನ್ನಾಗಿ ಒದಗಿಸಿದರು. ರಕ್ತದಲ್ಲಿನ ಸಕ್ಕರೆಯ ಪ್ರಮಾಣವನ್ನು ಅಳೆಯುವ ಕೆಲಸ ಬೆಸ್ಟನದು. ಆ ರಜೆಯ ದುಡಿಮೆಯಲ್ಲಿ ಮೊಳೆತು, ಕಾಲಿಪ್ ಎಂಬ ಜೀವರಸಾಯನಜ್ಞನ ಕೈಯಲ್ಲಿ ಶುದ್ಧಿಗೊಂಡ ಇನ್ಸುಲಿನ್, 1922ರ ಜನವರಿಯಲ್ಲಿ 14 ವರ್ಷದ ಮಧುಮೇಹಿ ಬಾಲಕನೊಬ್ಬನನ್ನು ಮೃತ್ಯುಮುಖದಿಂದ ಪಾರುಮಾಡಿತು. ಮರುವರ್ಷ ನೊಬೆಲ್ ಪಾರಿತೋಷಕವು ಬ್ಯಾಂಟಿಂಗ್ ಮತ್ತು ಮೆಕ್ಲಿಯಡರಿಗೆ ಸಂದಾಗ, ಬ್ಯಾಂಟಿಂಗನು ತನಗೆ ಬಂದ ಹಣವನ್ನು ಬೆಸ್ಟನೊಡನೆ ಹಂಚಿಕೊಂಡನು.

ಅಂದು ಆಕಸ್ಮಿಕವಾಗಿ ಒದಗಿದ ಅವಕಾಶವೇ ಇಂದು ಅನೇಕ ದೇಶಗಳಲ್ಲಿ ನಿಯತವಾದ ವ್ಯವಸ್ಥೆಯಾಗಿ ಪರಿಣಮಿಸಿದೆ. ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಸಂಶೋಧನಾಲಯವು 1959ರಲ್ಲಿ ಪದವಿ ವಿದ್ಯಾರ್ಥಿಗಳಿಗಾಗಿ ತನ್ನ ಬೇಸಿಗೆಯ ಸಂಶೋಧನಾ ಶಿಬಿರವನ್ನು ಆರಂಭಿಸಿದಾಗ ಅಲ್ಲಿಗೆ ಬಂದವರಲ್ಲಿ ಡೇವಿಡ್ ಬಾಲ್ಟಿಮೋರ್ ಒಬ್ಬನು. ಅವನು ಪ್ರೌಢಶಾಲೆಯಲ್ಲಿದ್ದಾಗಲೇ ಇಂಥದೇ ಇನ್ನೊಂದು ಬೇಸಿಗೆಯನ್ನು ಜ್ಯಾಕ್ಸನ್ ಸಂಶೋಧನಾಲಯದಲ್ಲಿ ಕಳೆದಿದ್ದನು. ಅಲ್ಲಿ ಪರಿಚಯವಾದ ಹಿರಿಯ ವಿದ್ಯಾರ್ಥಿ ಹೊವಾರ್ಡ್ ಟೆಮಿನನೊಡನೆ ಅವನು ಮುಂದೆ 1975ರ ನೊಬೆಲ್ ಗೌರವವನ್ನು ಹಂಚಿಕೊಳ್ಳುವಂತಾಯಿತು. ಭಾರತೀಯ ವಿದ್ಯಾರ್ಥಿಗಳ ಮಟ್ಟಿಗೆ ಹೇಳುವುದಾದರೆ, ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ದುಡಿದು ಆನುವಂಶಿಕ ಸಂಕೇತದ ರಹಸ್ಯವನ್ನು ಬಿಡಿಸಿದ ಹರಗೋವಿಂದ ಖೊರಾನರ ಹೆಸರಿನಲ್ಲಿ, ಇಲ್ಲಿನವರನ್ನು ಬೇಸಿಗೆಯಲ್ಲಿ ಅಮೆರಿಕದ ಪ್ರಯೋಗಶಾಲೆಗಳಿಗೆ ಕಳುಹಿಸಲು 2007ರಲ್ಲಿ ಆರಂಭವಾದ ಯೋಜನೆ ಗಮನಾರ್ಹವಾದುದು.

ಹೀಗೆ ಹೋದವರು ಅಲ್ಲಿ ಮಾಡುವುದೇನು? ಎಂಟು ಹತ್ತು ವಾರಗಳಲ್ಲಿ ಮಹಾಶೋಧಗಳು ಕೈಗೂಡುವುದು ಅಪರೂಪ. ಬಹುಪಾಲು ದಿನಗಳು ಪಿಪೆಟ್ಟಿನಿಂದ ಮೈಕ್ರೋಲೀಟರುಗಳನ್ನು, ಅಂದರೆ ಲೀಟರಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ದ್ರವವನ್ನು, ಅಳೆದು ಸುರಿಯುವುದರಲ್ಲಿಯೇ ಕಳೆಯುತ್ತವೆ. ಪಿಸಿಆರ್ ಯಂತ್ರದಲ್ಲಿ ಡಿಎನ್‌ಎಯ ಒಂದು ತುಣುಕನ್ನು ವೃದ್ಧಿಗೊಳಿಸುವಾಗ, ಡಿಎನ್‌ಎ ಬದಲಿಗೆ ಬರಿಯ ನೀರನ್ನು ಹಾಕಿದ ಕೊಳವೆಯೊಂದನ್ನೂ ಜೊತೆಗಿಡುವುದು ವಾಡಿಕೆ. ಕೊನೆಗೆ, ಡಿಎನ್‌ಎ ತುಣುಕುಗಳನ್ನು ಪಟ್ಟೆಗಳಾಗಿ ಬೇರ್ಪಡಿಸಿ ತೋರಿಸುವ ಜೆಲ್ಲಿನ ಮೇಲೆ ಆ ನೀರಿನ ಸಾಲಿನಲ್ಲಿಯೂ ಹೊಳೆಯುವ ಪಟ್ಟೆಯೊಂದು ಕಂಡಿತೆಂದರೆ ದ್ರಾವಣವೆಲ್ಲಿಯೋ ಮಲಿನವಾಗಿದೆಯೆಂದು ಅರ್ಥ. ಉಳಿದ ಸಾಲುಗಳ ಫಲಿತಾಂಶ ಎಷ್ಟೇ ಸೊಗಸಾಗಿದ್ದರೂ ಅದನ್ನು ನಂಬುವಂತಿಲ್ಲ. ಆ ವೈಫಲ್ಯವನ್ನೂ ದಿನಾಂಕಸಹಿತ ದಾಖಲೆ ಪುಸ್ತಕದಲ್ಲಿ ಬರೆದಿಟ್ಟು, ಮರುದಿನ ಮೊದಲಿನಿಂದ ತೊಡಗಬೇಕು. ತನಗೆ ಪ್ರಿಯವಾದ ಉತ್ತರವನ್ನೇ ಮೊಟ್ಟಮೊದಲು ಶಂಕಿಸುವ ಈ ಶಿಸ್ತು ಪಠ್ಯಪುಸ್ತಕದಿಂದ ಬರತಕ್ಕದ್ದಲ್ಲ. ನಾಳೆ ವೈದ್ಯನಾಗಿ ರೋಗಿಯ ರಕ್ತಪರೀಕ್ಷೆಯ ವರದಿಯನ್ನು ಓದುವವನಿಗೂ ಇದು ಅತ್ಯಾವಶ್ಯಕವಾದುದು.

ಇಂಥ ಸ್ಥಾನಗಳು ಕೆಲವೇ, ಬಯಸುವವರು ಬಹುಮಂದಿ; ಆಯ್ಕೆಯ ಕಾರ್ಯವೂ ಸಾಮಾನ್ಯವಾಗಿ ಚಳಿಗಾಲದಲ್ಲಿಯೇ ನಡೆಯುತ್ತದೆ. ಅಂಕಪಟ್ಟಿಯೊಡನೆ ಅಧ್ಯಾಪಕರ ಶಿಫಾರಸು ಪತ್ರವನ್ನೂ, ತಾನು ಏನನ್ನು ಅರಿಯಬಯಸುವೆನೆಂಬ ನಿವೇದನೆಯನ್ನೂ ಕಳುಹಿಸಬೇಕು. ಒಳ್ಳೆಯ ಯೋಜನೆಗಳು ವಿದ್ಯಾರ್ಥಿಗೆ ತಾವೇ ವೇತನವನ್ನು ಕೊಡುತ್ತವೆ. ಬದಲಾಗಿ ದೊಡ್ಡ ಮೊತ್ತವನ್ನು ಕೇಳುವ ಮಧ್ಯವರ್ತಿಗಳ ವಿಷಯದಲ್ಲಿ ಎಚ್ಚರ ಅಗತ್ಯ. ವಿದೇಶದ ಬಾಗಿಲು ತೆರೆಯದಿದ್ದರೂ ನಿರಾಶೆಗೆ ಕಾರಣವಿಲ್ಲ: ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ, ಭಾರತೀಯ ವಿಜ್ಞಾನ ಅಕಾಡೆಮಿಯೂ ಬೇಸಿಗೆಯ ಸಂಶೋಧನಾ ವೇತನಗಳನ್ನು ನೀಡುತ್ತ ಬಂದಿವೆ. ಶಿಸ್ತು ಕಲಿಯಲು ದೂರದೇಶವೇ ಆಗಬೇಕೆಂಬ ನಿಯಮವಿಲ್ಲ. ಮನೆಯಲ್ಲಿ ವಿಜ್ಞಾನ ಓದುವ ಮಕ್ಕಳಿರುವವರು, ಮುಂದಿನ ರಜೆ ಬರುವುದಕ್ಕೆ ಬಹಳ ಮುಂಚೆಯೇ ಈ ಮಾತನ್ನು ಅವರ ಕಿವಿಗೆ ಹಾಕುವುದು ಒಳಿತು.