ಗಡಿ ಅಳಿಯಿತು, ಘಟ್ಟ ಉಳಿಯಿತು

ಗೋವಾ ಕಡೆಗೆ ಹೊರಟ ರೈಲು ಕ್ಯಾಸಲ್‌ರಾಕ್‌ನಲ್ಲಿ ನಿಂತಿತೆಂದರೆ ಬೇಗ ಹೊರಡುವುದಿಲ್ಲ. ಹೊಸಬರು ಕಿಟಕಿಯಿಂದ ಇಣುಕಿ ಸಿಗ್ನಲ್ ನೋಡುತ್ತಾರೆ. ಹಳಬರು ಇಳಿದು ಕೈಕಾಲು ಆಡಿಸುತ್ತಾರೆ. ಬ್ರೇಕಿನ ಪರೀಕ್ಷೆಯಾಗಬೇಕು, ಹೆಚ್ಚುವರಿ ಎಂಜಿನ್‌ಗಳು ಕೂಡಿಕೊಳ್ಳಬೇಕು, ಆಮೇಲಷ್ಟೇ ಘಟ್ಟ ಎಂಬುದು ಅವರಿಗೆ ಗೊತ್ತು.

ಉತ್ತರ ಕನ್ನಡ ಜಿಲ್ಲೆಯ ಜೊಯಿಡಾ ತಾಲ್ಲೂಕಿನ, ಕಾಡಿನ ನಡುವಿನ ಈ ಪುಟ್ಟ ಊರು ರೈಲಿನಿಂದಲೇ ಬೆಳೆದದ್ದು. ಮುರಗಾವ್ ಬಂದರಿನಿಂದ ಹೊರಟ ಪೋರ್ಚುಗೀಸ್ ಗೋವಾದ ಹಳಿ 1888ರ ಹೊತ್ತಿಗೆ ಇಲ್ಲಿ ಬ್ರಿಟಿಷ್ ಇಂಡಿಯಾವನ್ನು ಮುಟ್ಟಿತು. ಘಟ್ಟದ ಮೇಲೆ ಕ್ಯಾಸಲ್‌ರಾಕ್, ಕೆಳಗೆ ಕುಳೆಂ. ಮುಂದೆ ಇವೆರಡೂ ಸುಂಕದ ಠಾಣೆಗಳಾದವು. ಪ್ರಯಾಣಿಕರು ಪೆಟ್ಟಿಗೆ ಬಿಚ್ಚಿ ತೋರಿಸಿ ಮುಂದೆ ಸಾಗಬೇಕಿತ್ತು.

ಸ್ವಾತಂತ್ರ್ಯಾನಂತರವೂ ಗೋವಾ ಪರದೇಶವಾಗಿಯೇ ಉಳಿಯಿತು. ದಿಗ್ಬಂಧನದ ಬಿಸಿಯಲ್ಲಿ 1955ರಲ್ಲಿ ಗಡಿ ದಾಟುವ ರೈಲೇ ನಿಂತುಹೋಯಿತು. ಹಳಿ ಇತ್ತು, ಹೋಗುವ ದಾರಿ ಇರಲಿಲ್ಲ. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಯಾದ ಮೇಲೆ ಸುಂಕದ ಠಾಣೆಗೆ ಕೆಲಸವಿಲ್ಲದಾಯಿತು.

ಆದರೂ ಊರು ಬರಿದಾಗಲಿಲ್ಲ. ಕಾರಣ, ಘಟ್ಟ. ಕುಳೆಂವರೆಗಿನ ಸುಮಾರು 26 ಕಿ.ಮೀ. ದಾರಿಯಲ್ಲಿ ಪ್ರತಿ 37 ಅಡಿಗೆ ಒಂದು ಅಡಿಯಷ್ಟು ಕಡಿದಾದ ಇಳಿಜಾರಿದೆ. ಏರುವ ರೈಲನ್ನು ಹಿಂದಿನಿಂದ ನೂಕಬೇಕು, ಇಳಿಯುವ ರೈಲನ್ನು ತಡೆದು ಹಿಡಿಯಬೇಕು. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದರೂ ಈ ಲೆಕ್ಕ ಬದಲಾಗಲಿಲ್ಲ. ಚಾಲಕರು, ಗಾರ್ಡುಗಳು, ಪಾಯಿಂಟ್ಸ್‌ಮನ್‌ಗಳು, ಹಳಿ ಕಾಯುವವರು ಇರಲೇಬೇಕು.

ಮಳೆಗಾಲದಲ್ಲಿ ಇವರ ಬದುಕು ಇನ್ನೂ ಕಠಿಣ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಸ್ಥಳಗಳಲ್ಲಿ ಇದೂ ಒಂದು. ದೂಧಸಾಗರವನ್ನು ಕಂಡು ಪ್ರವಾಸಿಗರು ಹಿಗ್ಗುವ ಹೊತ್ತಿನಲ್ಲೇ, ಗಸ್ತಿನವರು ದೀಪ ಹಿಡಿದು ಬಿದ್ದ ಬಂಡೆ, ಜರಿದ ಮಣ್ಣು ಹುಡುಕುತ್ತಾ ನಡೆಯುತ್ತಾರೆ. 2021ರ ಜುಲೈನಲ್ಲಿ ದೂಧಸಾಗರ ಮತ್ತು ಸೋನಾವ್ಳಿ ನಡುವೆ ಗುಡ್ಡ ಕುಸಿದು ಪ್ರಯಾಣಿಕರ ರೈಲೊಂದು ಹಳಿ ತಪ್ಪಿತು. ಅದೃಷ್ಟಕ್ಕೆ ಜೀವಹಾನಿಯಾಗಲಿಲ್ಲ.

ಈ ಘಟ್ಟದಲ್ಲಿ ಜೋಡಿ ಹಳಿ ಹಾಕುವ ಯೋಜನೆಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಹೆಚ್ಚು ರೈಲು ಬೇಕೆನ್ನುವವರ ಮಾತಿನಲ್ಲೂ ಹುರುಳಿದೆ, ಕಾಡು ಉಳಿಯಲಿ ಎನ್ನುವವರ ಆತಂಕವೂ ಸುಳ್ಳಲ್ಲ. ಮರ ಕಡಿದ ಇಳಿಜಾರಿನಲ್ಲಿ ಮಣ್ಣು ನಿಲ್ಲದು. ಮಣ್ಣು ಜರಿದರೆ ಒಂಟಿ ಹಳಿಯೂ ಇಲ್ಲ, ಜೋಡಿ ಹಳಿಯೂ ಇಲ್ಲ. ರಾತ್ರಿ ದೀಪ ಹಿಡಿದು ನಡೆಯುವವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.