ದ್ರಾವಣವೋ ಪರಿಹಾರವೋ: ಕಟಕಟೆ ಏರಿದ ಒಂದು ಹಾಡು

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿಯುವ ನಮ್ಮವರ ಮನೆಗಳಲ್ಲಿ ತಲೆಬುರುಡೆಯ ಚಿತ್ರವುಳ್ಳ ಕರಿಯ ಟೀ-ಷರ್ಟು ಅಪರೂಪದ ವಸ್ತುವೇನಲ್ಲ. ಅದನ್ನು ತೊಟ್ಟ ಮಗನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಏನನ್ನು ಕೇಳುತ್ತಿದ್ದಾನೆಂಬುದು ತಿಳಿದಾಗಲಷ್ಟೇ ತಂದೆತಾಯಿಗಳಿಗೆ ಗಾಬರಿಯಾಗುತ್ತದೆ. ಹೆವಿ ಮೆಟಲ್ ಎಂಬ ಆ ಸಂಗೀತದಲ್ಲಿ ಸಾವು, ಹುಚ್ಚು, ಯುದ್ಧ, ಸೈತಾನರ ವಿಷಯವೇ ಹೆಚ್ಚು. ಅದರಲ್ಲಿಯೂ ‘ಸೂಯಿಸೈಡ್ ಸೊಲ್ಯೂಷನ್’ ಎಂಬ ಹಾಡು ನ್ಯಾಯಾಲಯದ ಮೆಟ್ಟಿಲನ್ನೇ ಹತ್ತಿತು. ಆತ್ಮಹತ್ಯೆಯೇ ಪರಿಹಾರವೆಂದು ಬೋಧಿಸುವ ಹಾಡು ಇದೆಂದು ಹೆಸರು ಕೇಳಿದವರು ತೀರ್ಮಾನಿಸುವುದು ಸಹಜ. ವಾದಿಗಳ ಪರ ವಕೀಲರ ವಾದವೂ ಅದೇ ಆಗಿತ್ತು.

ಹಾಡಿದವರು 2025ರ ಜುಲೈ 22ರಂದು ನಿಧನರಾದ ಓಝಿ ಆಸ್ಬೋರ್ನ್. ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ಅದೂ ನಮ್ಮ ಕೊಯಮತ್ತೂರಿನಂತೆ ಎರಕದ ಮನೆಗಳ, ಯಂತ್ರಭಾಗಗಳ ಊರು. ಹಾಡು ಹೊರಬಂದದ್ದು 1980ರಲ್ಲಿ, ‘ಬ್ಲಿಝರ್ಡ್ ಆಫ್ ಓಝ್’ ಎಂಬ ಆಲ್ಬಮಿನಲ್ಲಿ. ಅದೇ ವರ್ಷದ ಫೆಬ್ರವರಿಯಲ್ಲಿ ಎ.ಸಿ./ಡಿ.ಸಿ. ತಂಡದ ಗಾಯಕ ಬಾನ್ ಸ್ಕಾಟ್ ವಿಪರೀತ ಕುಡಿತದಿಂದ ಮೃತಪಟ್ಟಿದ್ದರು. ಆ ಸಾವೇ ಹಾಡಿಗೆ ಪ್ರೇರಣೆಯೆಂದು ಓಝಿ ಹೇಳಿದರು. ಸಾಹಿತ್ಯ ಬರೆದ ಬಾಬ್ ಡೇಸ್ಲಿ ಹೇಳಿದ್ದೇ ಬೇರೆ: ಓಝಿಯ ಸ್ವಂತ ಕುಡಿತವನ್ನು ಕಂಡೇ ತಾನು ಬರೆದೆನೆಂದು. ಹೇಗೆ ನೋಡಿದರೂ ಹಾಡಿನ ವಸ್ತು ಮದ್ಯ.

ಇಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷಿನವರಿಗಿಲ್ಲದ ಒಂದು ಅನುಕೂಲವಿದೆ. ‘ಸೊಲ್ಯೂಷನ್’ ಎಂಬ ಒಂದೇ ಪದಕ್ಕೆ ನಮ್ಮಲ್ಲಿ ಎರಡು ಪದಗಳು. ವಿಜ್ಞಾನದ ತರಗತಿಯಲ್ಲಿ ಉಪ್ಪು ನೀರಿನಲ್ಲಿ ಕರಗಿದರೆ ದ್ರಾವಣ. ಗಣಿತದ ಸಮೀಕರಣಕ್ಕೆ ದೊರೆಯುವುದು ಪರಿಹಾರ. ನೆರೆಯ ತಮಿಳು ಮಕ್ಕಳಿಗೂ ಹಾಗೆಯೇ: ಒಂದು ಕರೈಸಲ್, ಇನ್ನೊಂದು ತೀರ್ವು. ಹಾಡಿನ ಶೀರ್ಷಿಕೆ ಈ ಶ್ಲೇಷೆಯ ಮೇಲೆ ನಿಂತಿದೆ. ಬಾಟಲಿಯಲ್ಲಿರುವುದು ಸಾವಿನ ದ್ರಾವಣ. ಕುಡಿಯುವವನು ಅದನ್ನೇ ಪರಿಹಾರವೆಂದು ಭ್ರಮಿಸಿದ್ದಾನೆ. ಹಾಡು ಆರಂಭವಾಗುವುದೇ ಮದ್ಯದ ಬಗೆಗಳಿಂದ. ನಡುವಿನ ಒಂದು ಸಾಲನ್ನು ಮಾತ್ರ ಕಿತ್ತು ಓದಿದರೆ ಅದು ಸಾವಿಗೆ ಕರೆಯುವಂತೆಯೇ ಕೇಳಿಸುತ್ತದೆ ಎಂಬುದನ್ನೂ ಮರೆಮಾಚಬಾರದು. ಅದು ಮತ್ತಿನಲ್ಲಿ ಮುಳುಗಿದವನ ಮನಸ್ಸಿನ ದನಿ ಎಂಬುದು ನನ್ನ ಓದು.

1984ರ ಅಕ್ಟೋಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 19 ವರ್ಷದ ಯುವಕನೊಬ್ಬ ಓಝಿಯ ಹಾಡುಗಳನ್ನು ಕೇಳುತ್ತಲೇ ಪ್ರಾಣ ಕಳೆದುಕೊಂಡ. ಹೆತ್ತವರು ಗಾಯಕನ ಮೇಲೂ ಧ್ವನಿಮುದ್ರಣ ಸಂಸ್ಥೆ ಸಿ.ಬಿ.ಎಸ್. ಮೇಲೂ ದಾವೆ ಹೂಡಿದರು. ಹಾಡಿನ ನಡುವೆ ಬರುವ 28 ಸೆಕೆಂಡುಗಳ ವಾದ್ಯಭಾಗದಲ್ಲಿ, ಸಾಮಾನ್ಯ ಮಾತಿನ ಒಂದೂವರೆ ಪಟ್ಟು ವೇಗದಲ್ಲಿ, ಪ್ರಚೋದಕ ಮಾತುಗಳನ್ನು ಅಡಗಿಸಲಾಗಿದೆ ಎಂಬುದು ಅವರ ಆರೋಪಗಳಲ್ಲಿ ಒಂದು. ದಾವೆ ವಜಾ ಆಯಿತು. 1988ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ತತ್‌ಕ್ಷಣದ ಕೃತ್ಯಕ್ಕೆ ಪ್ರಚೋದಿಸುವ ಉದ್ದೇಶವೂ, ಅದು ಘಟಿಸುವ ಸಂಭವವೂ ಇರಬೇಕು. ಕಾವ್ಯದ ಮಾತನ್ನು ಅಕ್ಷರಶಃ ಆಜ್ಞೆಯೆಂದು ಓದಲಾಗದು ಎಂಬುದು ತೀರ್ಪಿನ ಸಾರ. ಆ ರಾತ್ರಿ ಕೊನೆಯಲ್ಲಿ ತಿರುಗುತ್ತಿದ್ದ ತಟ್ಟೆಯಾದರೋ ಓಝಿಯ ಇನ್ನೊಂದು ಆಲ್ಬಮಿನದು.

ಇಂಥ ದಾವೆ ಕೊಯಮತ್ತೂರಿನಲ್ಲಿ ಬಂದಿದ್ದರೆ? ಆತ್ಮಹತ್ಯೆಗೆ ಪ್ರೇರಣೆ ನಮ್ಮಲ್ಲಿ ಅಪರಾಧವೇ. ಹಿಂದೆ ಭಾರತೀಯ ದಂಡ ಸಂಹಿತೆಯ 306ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 108ನೇ ಕಲಂ. ಆದರೆ ಸಿಟ್ಟಿನ ಭರದಲ್ಲಿ, ಪರಿಣಾಮವನ್ನು ಬಯಸದೆ ಆಡಿದ ಮಾತು ಪ್ರೇರಣೆಯಾಗದೆಂದು ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ರಮೇಶ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಮನೆಯೊಳಗೆ ಎದುರಾಎದುರು ಆಡಿದ ಮಾತಿಗೇ ಇಷ್ಟು ಬಿಗಿಯಾದ ಅಳತೆಯಿರುವಾಗ, ಕಾಣದ ಕೇಳುಗರಿಗಾಗಿ ಹಾಡಿದ ಹಾಡಿನ ಮೇಲೆ ಹೊಣೆ ಹೊರಿಸುವುದು ಕಷ್ಟ.

ಮದ್ಯದ ಕುರಿತ ಹಾಡು ಪೊಲೀಸ್ ಠಾಣೆ ಕಾಣಲು ಅಮೆರಿಕಕ್ಕೇನೂ ಹೋಗಬೇಕಿಲ್ಲ. ಟಾಸ್ಮಾಕ್ ಅಂಗಡಿಗಳನ್ನು ಮುಚ್ಚಿರೆಂದು ಹಾಡಿದ ಗಾಯಕ ಕೋವನ್ ಅವರನ್ನು 2015ರ ಅಕ್ಟೋಬರಿನಲ್ಲಿ ತಿರುಚಿರಾಪಳ್ಳಿಯಲ್ಲಿ ಬಂಧಿಸಿ ರಾಜದ್ರೋಹದ ಕಲಮನ್ನೇ ಹಚ್ಚಲಾಗಿತ್ತು! ಮುಂದಿನ ತಿಂಗಳು ಜಾಮೀನು ದೊರೆಯಿತು. ಟಾಸ್ಮಾಕ್ ಅಂಗಡಿಯ ಮುಂದಿನ ಸಂಜೆಯನ್ನು ಬಲ್ಲ ನಮ್ಮ ಮನೆಗಳ ಮಕ್ಕಳಿಗೆ ಓಝಿಯ ಹಾಡಿನ ತಿರುಳು ಪರದೇಶದ್ದಾಗಿ ಕಾಣಬೇಕಿಲ್ಲ.

ಇನ್ನು ಘೋರವಾದ ವಸ್ತುವೇ ತಪ್ಪೆನ್ನುವವರು ‘ಕೆರೆಗೆ ಹಾರ’ವನ್ನು ನೆನೆಯಬೇಕು. ಕೆರೆಗೆ ನೀರು ಬರಲೆಂದು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡುತ್ತಾರೆ; ದಂಡಿನಿಂದ ಮರಳಿದ ಗಂಡ ಮಾದೇವರಾಯನೂ ಅದೇ ಕೆರೆಯ ಪಾಲಾಗುತ್ತಾನೆ. ಇದನ್ನು ಶಾಲೆಯಲ್ಲಿ ಕಲಿಸುತ್ತೇವೆ. ಕಲಿಸುವ ಗುರುಗಳು ಪಕ್ಕದಲ್ಲಿರುತ್ತಾರೆ. ಮಾವನ ಮಾತು ಸರಿಯೇ, ಭಾಗೀರಥಿ ಏಕೆ ಮೌನವಾದಳು ಎಂದು ಕೇಳುತ್ತಾರೆ. ಇಯರ್‌ಫೋನಿನೊಳಗಿನ ಹಾಡಿಗೆ ಅಂಥವರು ಯಾರೂ ಇಲ್ಲ. ಹತ್ತು ಹನ್ನೊಂದರ ಮಗು ಒಬ್ಬಂಟಿಯಾಗಿ ಓಝಿಯನ್ನು ಕೇಳುವುದು ನನಗೂ ಒಪ್ಪಿಗೆಯಿಲ್ಲ. ಹದಿನಾರರವನೊಡನೆ ಸಾಹಿತ್ಯವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ನಿಘಂಟು ತೆರೆದು, ಪದಪದವಾಗಿ ಅರ್ಥ ಹಚ್ಚಲಿಕ್ಕೆ ಅರ್ಧ ಗಂಟೆ ಸಾಕು. ಆ ಸದ್ದನ್ನು ಸಹಿಸುವುದು ಬೇರೆ ಮಾತು!

ಕ್ಯಾಲಿಫೋರ್ನಿಯಾದ ಆ ತೀರ್ಪಿನಲ್ಲಿ ಹಾಡಿನ ಚರ್ಚೆಗಿಂತ ಮೊದಲೇ ಒಂದು ಸಂಗತಿ ದಾಖಲಾಗಿದೆ: ಆ ಯುವಕನಿಗೆ ಕುಡಿತದ ಸಮಸ್ಯೆಯೂ, ತೀವ್ರ ಮಾನಸಿಕ ಕ್ಲೇಶವೂ ಇದ್ದವು. ಮಗ ಒಂದೇ ಹಾಡನ್ನು ದಿನಗಟ್ಟಲೆ ಕೇಳುತ್ತ, ಊಟ ಬಿಟ್ಟು, ಗೆಳೆಯರನ್ನು ದೂರವಿಟ್ಟಿದ್ದರೆ ಹಾಡಿನ ಅರ್ಥವನ್ನು ಆಮೇಲೆ ವಿಚಾರಿಸಬಹುದು. ಮೊದಲು ಅವನೇನು ಹೇಳುತ್ತಾನೆಂದು ಕುಳಿತು ಕೇಳಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಮಾತನಾಡುವವರಿದ್ದಾರೆ.